ಸಹಿ ಅಲ್ಲಿ, ಬಿಸಿ ಇಲ್ಲಿ
(ಚಿಕ್ಕಮಗಳೂರಿನಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಕಾಳುಮೆಣಸಿನ ಧಾರಣೆ ಬಿದ್ದ ಕಥೆಯನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ; ಬಳ್ಳಿ ಹಬ್ಬಿಸಿದವರೇ ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ನನ್ನ ಸಂಶೋಧನೆಯ ಪ್ರಶ್ನೆ ಇಷ್ಟೇ: ಆ ಧಾರಣೆಯನ್ನು ಅಲುಗಿಸುವ ವ್ಯಾಪಾರ ಒಪ್ಪಂದಕ್ಕೆ ಸಹಿ ಬೀಳುವ ಮೊದಲು ನಿಮ್ಮನ್ನು ಕೇಳಲೇಬೇಕು ಅಂತ ಎಲ್ಲಾದರೂ ಬರೆದಿದೆಯೇ? ಸಂವಿಧಾನದಲ್ಲಂತೂ ಇಲ್ಲ.

ಕೇಂದ್ರಕ್ಕೆ ಯಾವುದು, ರಾಜ್ಯಕ್ಕೆ ಯಾವುದು ಅಂತ ಹಂಚುವ ಏಳನೇ ಅನುಸೂಚಿ ತೆಗೆಯಿರಿ. ಕೃಷಿ ರಾಜ್ಯಪಟ್ಟಿಯ 14ನೇ ನಮೂದು, ವಿದೇಶ ವ್ಯಾಪಾರ ಕೇಂದ್ರಪಟ್ಟಿಯ 41. ಗಿಡದಲ್ಲಿರುವ ತನಕ ಬೆಳೆ ರಾಜ್ಯದ್ದು, ಹಡಗು ಹತ್ತಿದರೆ ಕೇಂದ್ರದ್ದು. ಸಾಲದ್ದಕ್ಕೆ 253ನೇ ವಿಧಿ: ಅಂತರರಾಷ್ಟ್ರೀಯ ಒಪ್ಪಂದ ಜಾರಿ ಮಾಡಲು ಸಂಸತ್ತು ರಾಜ್ಯಪಟ್ಟಿಗೂ ಕೈ ಹಾಕಬಹುದು. ಸಹಿ ಅಲ್ಲಿ, ಬಿಸಿ ಇಲ್ಲಿ.

ಮೂಡಿಗೆರೆ ಕಡೆಯ ಒಂದು ಗ್ರಾಮಸಭೆಯಲ್ಲಿ ಹಿಂದೆ ಕೂತು ಬರೆದುಕೊಳ್ಳುತ್ತಿದ್ದೆ. ಹಿರಿಯರೊಬ್ಬರು ಎದ್ದು, “ವಿಯೆಟ್ನಾಂ ಮೆಣಸು ನಿಲ್ಲಿಸ್ಬೇಕು ಅಂತ ನಿರ್ಣಯ ಬರ್ಕೊಳಿ” ಅಂದರು. ಪಿಡಿಒ ನಕ್ಕು, “ಗೌಡ್ರೇ, ನಮ್ಮ ವ್ಯಾಪ್ತಿ ಹಳ್ಳದ ಸೇತುವೆ ತನಕ.” “ಹಂಗಾರೆ ಆ ಮೆಣಸು ಯಾವ ಸೇತುವೆ ಮೇಲೆ ಬಂತು, ಅದನ್ನ ಹೇಳಿ!” ಊರೆಲ್ಲ ನಕ್ಕಿತು, ನಿರ್ಣಯವೂ ಆಯಿತು. ತಾಲ್ಲೂಕಿಗೆ ಹೋಯಿತು, ಜಿಲ್ಲೆಗೆ ಹೋಯಿತು, ಇನ್ನೆಲ್ಲೆಲ್ಲೋ ಸುತ್ತಿತು. ಕೊನೆಗೆ ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾ ಹೊತ್ತು ಅದೇ ಪಂಚಾಯಿತಿಗೆ ವಾಪಸು ಬಂತು! ಪಿಡಿಒ ಅದನ್ನು ಫೈಲಿಗೆ ಸೇರಿಸಿದರು, ಪಾಪ, ಇನ್ನೇನು ಮಾಡಿಯಾರು?

ಗೌಡರ ಸೇತುವೆ ಮಾತು ಮಾತ್ರ ಪಕ್ಕಾ. ಅದು ಲಂಕೆಯ ದಾರಿ. ವಿಯೆಟ್ನಾಂ ಕೂಡ ಇರುವ ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್; ಅದರ ಜೊತೆ ಮಾಡಿಕೊಂಡು 2010ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಮೆಣಸಿನ ಸುಂಕ ವರ್ಷ ವರ್ಷ ಇಳಿದರೂ ಶೇ. 50ಕ್ಕೆ ನಿಲ್ಲಬೇಕಿತ್ತು. 1998ರಲ್ಲಿ ಸಹಿಯಾದ ಶ್ರೀಲಂಕಾ ಒಪ್ಪಂದದ ದಾರಿ ಅದಕ್ಕಿಂತ ಅಗ್ಗ. ವಿಯೆಟ್ನಾಂ ಸರಕು ಲಂಕೆಯ ಹೆಸರಿನಲ್ಲಿ ಇಳಿಯುತ್ತಿದೆ ಎಂದು ಬೆಳೆಗಾರರು ಕೂಗಿಕೊಂಡ ಮೇಲೆ, 2017ರ ಡಿಸೆಂಬರಿನಲ್ಲಿ ಕೇಂದ್ರವು ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು. ದೆಹಲಿಯ ಒಂದು ಅಧಿಸೂಚನೆ, ಅಷ್ಟೇ.

ರಾಜ್ಯಗಳನ್ನು ಕೂರಿಸಿಕೊಂಡು ತೀರ್ಮಾನಿಸಲು ಆಗುವುದಿಲ್ಲ ಅಂತ ಯಾರೂ ಹೇಳಬೇಡಿ. 2016ರ 101ನೇ ತಿದ್ದುಪಡಿಯಿಂದ, ತೆರಿಗೆ ತೀರ್ಮಾನಕ್ಕೆ ಕೇಂದ್ರ, ರಾಜ್ಯ ಒಟ್ಟಿಗೆ ಕೂರುವ ಜಿಎಸ್‌ಟಿ ಮಂಡಳಿ ಬಂತಲ್ಲ? ಮತದ ತೂಕ ಕೇಂದ್ರಕ್ಕೆ ಮೂರರಲ್ಲಿ ಒಂದು, ರಾಜ್ಯಗಳಿಗೆಲ್ಲ ಸೇರಿ ಮೂರರಲ್ಲಿ ಎರಡು. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಕೇಂದ್ರ ಬೇಡ ಅಂದದ್ದು ಆಗುವುದಿಲ್ಲ ಎಂಬ ಕೊರತೆ ಅದರಲ್ಲಿದೆ, ಒಪ್ಪುತ್ತೇನೆ. ಆದರೂ ಕೂರಲು ಕುರ್ಚಿಯಾದರೂ ಇದೆ. ವ್ಯಾಪಾರ ಒಪ್ಪಂದಕ್ಕೂ ಅಂಥ ಮಂಡಳಿ ಬೇಕು ಎಂಬುದೇ ನನ್ನ ವಾದ.

ಹಾಗಂತ ಬೆಂಗಳೂರಿನ ರಾಜ್ಯ ಸರ್ಕಾರಕ್ಕೆ ಚಪ್ಪಾಳೆ ತಟ್ಟಬೇಡಿ, ತಡೀರಿ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದ 1983ರ ಪಂಚಾಯಿತಿ ಕಾಯ್ದೆ, 1987ರ ಪಂಚಾಯಿತಿ ಚುನಾವಣೆ ನೋಡಿದ ರಾಜ್ಯ ನಮ್ಮದು. ಆಮೇಲೆ ಬಂದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ 29 ವಿಷಯಗಳನ್ನು ಪಟ್ಟಿ ಮಾಡಿದರೂ ರಾಜ್ಯ ಅಧಿಕಾರ ‘ಕೊಡಬಹುದು’ ಅಂದಿತೇ ಹೊರತು ‘ಕೊಡಬೇಕು’ ಅನ್ನಲಿಲ್ಲ. ಪಂಚಾಯಿತಿಯ ಮುಂದೆ ಬೆಂಗಳೂರೇ ಪುಟ್ಟ ದೆಹಲಿ. ಅಲ್ಲೂ ಸಹಿ ಅಲ್ಲಿ, ಬಿಸಿ ಇಲ್ಲಿ.

ಚೀಟಿ ಬಂತು, ಐದು ನಿಮಿಷವಂತೆ. ತೀರ್ಮಾನ ಅಲ್ಲಿ, ಬಿಸಿ ಇಲ್ಲಿ ಎಂಬುದಕ್ಕೆ ಹಣಕಾಸು ಆಯೋಗದ್ದೂ ಒಂದು ಲೆಕ್ಕ: ಅದು ರಾಜ್ಯಗಳಿಗೆ ಮಾಡುವ ಕೇಂದ್ರ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಆಯೋಗದಲ್ಲಿ ಶೇ. 4.713, 15ನೆಯದರಲ್ಲಿ ಶೇ. 3.647. ಕಾರಣಗಳ ಸ್ಲೈಡು ಇತ್ತು, ಬಿಡುತ್ತೇನೆ. ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿದ್ದ ಹಳೆಯ ಪೂಲ್ ವ್ಯವಸ್ಥೆಯ ಕಥೆಯನ್ನೂ ಬಿಟ್ಟೆ. ಅದನ್ನು ಕಂಡವರು ಇಲ್ಲೇ ಇದ್ದೀರಿ, ಮೈಕು ನಿಮಗೇ ಕೊಡುತ್ತೇನೆ.