ಮೊದಲು ರಟ್ಟು, ಆಮೇಲೆ ಕಂಪ್ಯೂಟರ್

ಕೇಳುಗರಿಗೆ ನಮಸ್ಕಾರ. ಹಾಸನದ ಸುತ್ತಮುತ್ತ ಶಾಲೆ, ಕಾಲೇಜುಗಳಲ್ಲಿ ನಾಟಕ ಮಾಡಿಸುವ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಈ ಮಾತು. ರಂಗಸಜ್ಜಿಕೆ ಕಲಿಸುವುದಾದರೆ ಮೊದಲು ರಟ್ಟು, ಆಮೇಲೆ ಕಂಪ್ಯೂಟರ್.

ದಿನಸಿ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆ ತನ್ನಿ. ಅದರಲ್ಲೇ ವೇದಿಕೆಯ ಪುಟ್ಟ ಮಾದರಿ ಮಾಡಿ, ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕ. ವೇದಿಕೆ 30 ಅಡಿ ಅಗಲ, 20 ಅಡಿ ಆಳವಿದ್ದರೆ ಪೆಟ್ಟಿಗೆಯ ನೆಲ 15 ಇಂಚು, 10 ಇಂಚು. ಹಾಸನಾಂಬ ಕಲಾಕ್ಷೇತ್ರದಲ್ಲಿ ಆಡುವುದಿದ್ದರೆ ಅಲ್ಲಿಗೇ ಟೇಪು ಹಿಡಿದು ಹೋಗಿ, ಅಂದಾಜು ಬೇಡ. ಹಳೆಯ ಲಗ್ನಪತ್ರಿಕೆ ಕತ್ತರಿಸಿದರೆ ಗೋಡೆ. ಅದರಲ್ಲೇ ಎರಡೂಮುಕ್ಕಾಲು ಇಂಚಿನ ಮನುಷ್ಯನನ್ನೂ ಕತ್ತರಿಸಿ ನಿಲ್ಲಿಸಿ. ಐದೂವರೆ ಅಡಿಯ ನಟ ಅವನೇ. ಅವನಿಲ್ಲದಿದ್ದರೆ ಮಕ್ಕಳು ಮೆಟ್ಟಿಲನ್ನು ಮೊಣಕಾಲೆತ್ತರ ಮಾಡಿಬಿಡುತ್ತಾರೆ. ಆಮೇಲೆ ಬಗ್ಗಿ, ಎಡತುದಿಯ ಕುರ್ಚಿಯವರ ಹಾಗೆ ಓರೆಯಾಗಿ ನೋಡಿ. ಒಳಗೆ ಕಾಯುವ ನಟರ ಜಾಗ ಕಂಡರೆ ಸೈಡ್‌ವಿಂಗ್, ಅಂದರೆ ವೇದಿಕೆಯ ಪಕ್ಕದ ಮರೆ, ಸರಿಸಬೇಕು.

ಒಂದು ಬಾಗಿಲಿನ ಕಥೆ ಕೇಳಿ. ಮಲೆನಾಡ ತೊಟ್ಟಿಮನೆಯ ಹೆಬ್ಬಾಗಿಲು. ಒಂದು ಕಾಲೇಜಿನ ಮಕ್ಕಳು ರಟ್ಟು ಮುಟ್ಟದೆ ನೇರ ಕಂಪ್ಯೂಟರಿನಲ್ಲೇ ಬಿಡಿಸಿದರು. ಚಂದವೋ ಚಂದ! ಅದನ್ನೇ ಪ್ಲೈವುಡ್ಡಿನಲ್ಲಿ ಕಟ್ಟಿದರು. ನಾಟಕದ ದಿನ ಮಾವನ ಪಾತ್ರದ ಹುಡುಗ ಸಿಟ್ಟಿನಿಂದ ಬಾಗಿಲು ದೂಡಿದ. ಬಾಗಿಲಿನ ಜೊತೆ ಗೋಡೆ ಅಲ್ಲಾಡಿತು, ಗೋಡೆಯ ಮೇಲಿನ ಅಜ್ಜನ ಫೋಟೋ ತೂಗಾಡಿತು. ಸಾವಿನ ಮನೆಯ ದೃಶ್ಯ, ಸಭೆಯೆಲ್ಲ ನಗು. ಆಗಿದ್ದೇನು? 12 ಮಿಲಿಮೀಟರ್ ದಪ್ಪದ 8 ಅಡಿ, 4 ಅಡಿಯ ಹಾಳೆ ಸುಮಾರು 20 ಕಿಲೋ ತೂಗುತ್ತದೆ. ಪರದೆಯ ಮೇಲಿನ ಬಾಗಿಲಿಗೆ ತೂಕವೇ ಇಲ್ಲವಲ್ಲ! ಚೌಕಟ್ಟು ಮಗ್ಗುಲಿಗೆ ವಾಲದಂತೆ ಮೂಲೆಯಿಂದ ಮೂಲೆಗೆ ಓರೆಯಾಗಿ ರೀಪರ್, ಅಂದರೆ ಮರದ ಪಟ್ಟಿ, ಹೊಡೆಯಬೇಕು. ಹಿಂದೆ ಮುಂದೆ ಆಡದಂತೆ ಬೆನ್ನಿಗೆ ತ್ರಿಕೋನದ ಆಸರೆ, ಅದರ ಬುಡಕ್ಕೆ ಮರಳು ಮೂಟೆ. ಎರಡೂ ಇರಲಿಲ್ಲ. ಲಗ್ನಪತ್ರಿಕೆಯ ಬಾಗಿಲಿಗೆ ಟೇಪು ಅಂಟಿಸಿ ಬೆರಳಲ್ಲಿ ದೂಡಿದ್ದರೆ ಗೋಡೆ ಅಲ್ಲೇ ಮಗುಚುತ್ತಿತ್ತು, ಮಕ್ಕಳು ಅಲ್ಲೇ ಕಲಿಯುತ್ತಿದ್ದರು. ಅದಕ್ಕೇ ಹೇಳುವುದು, ಮೊದಲು ರಟ್ಟು.

ಸಮಯ ಓಡುತ್ತಿದೆ, ಕಂಪ್ಯೂಟರಿಗೆ ಎರಡೇ ಮಾತು. ಮನೆ, ಗೋಡೆ ಬಿಡಿಸುವ ಸ್ಕೆಚ್‌ಅಪ್ ಎಂಬ ತಂತ್ರಾಂಶ ಬ್ರೌಸರಿನಲ್ಲೇ ಪುಕ್ಕಟೆ ಸಿಗುತ್ತದೆ. ಶುರುವಿನಲ್ಲೇ ಅಳತೆಯನ್ನು ಅಡಿ, ಇಂಚಿಗೆ ಇಡಿ. ಗೋಡೆಗೆ ದಪ್ಪ ಕೊಡಿ. ಬರೀ ಗೆರೆಯ ಗೋಡೆ ಬಿಡಿಸಿದರೆ ಬಡಗಿಗೆ ಕೊಡುವ ಅಳತೆ ತಪ್ಪುತ್ತದೆ. ಬೆಳಕು, ನೆರಳು ನೋಡಲು ಬ್ಲೆಂಡರ್ ಎಂಬ ಇನ್ನೊಂದು ತಂತ್ರಾಂಶ ಇದೆ, ಅದೂ ಪುಕ್ಕಟೆ. ಮರ ಕೊಯ್ಯುವ ಮೊದಲು ಅಂಗಳದಲ್ಲಿ ರಂಗೋಲಿ ಪುಡಿಯಿಂದ ಪೂರ್ತಿ ಅಳತೆಯ ನಕ್ಷೆ ಎಳೆದು ನಟರನ್ನು ನಡೆಸಿ.

ಬಣ್ಣದ ವಿಷಯಕ್ಕೆ ಹೊತ್ತಿಲ್ಲ. ಎನಾಮೆಲ್ ಮಾತ್ರ ಹಚ್ಚಬೇಡಿ, ಲೈಟು ಬಿದ್ದರೆ ಮಣ್ಣಿನ ಗೋಡೆಯೂ ಸ್ಟೀಲ್ ಪಾತ್ರೆಯಂತೆ ಹೊಳೆಯುತ್ತದೆ. ಡಿಸ್ಟೆಂಪರ್ ಸಾಕು. ನಮಸ್ಕಾರ.