ಅರ್ಧ ಗಂಟೆಯಲ್ಲಿ ಏನು ಬಿಡಬೇಕು?

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ನನಗೆ ಅರ್ಧ ಗಂಟೆ ಅಂತ ಇದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಶಾಲು ಎಲ್ಲ ಮುಗಿಯುವಷ್ಟರಲ್ಲಿ ಅದರಲ್ಲಿ ಹತ್ತು ನಿಮಿಷ ಹೋಯಿತು. ನನ್ನನ್ನು ಪರಿಚಯಿಸಿದವರು ಹೊಗಳಲು ಸ್ವಲ್ಪ ಜಾಸ್ತಿಯೇ ಹೊತ್ತು ತೆಗೆದುಕೊಂಡರು. ಅದಕ್ಕೆ ನನ್ನ ತಕರಾರಿಲ್ಲ, ಬಿಡಿ. ಇದು ಶಿರಸಿಯ ಕತೆ ಮಾತ್ರ ಅಲ್ಲ, ಕಾರವಾರಕ್ಕೆ ಹೋದರೂ ಇದೇ ಲೆಕ್ಕ.

ಇಲ್ಲಿ ಸಹಕಾರಿ ಸೊಸೈಟಿ ಕಾರ್ಯದರ್ಶಿಗಳಿದ್ದೀರಿ, ಮಾಸ್ತರರಿದ್ದೀರಿ, ಸಭೆಯಲ್ಲಿ ಮಾತಾಡಬೇಕಾದವರು. ನಿಮಗೆಲ್ಲ ನಾನು ಹೇಳುವುದು ಒಂದೇ. ಹೊತ್ತು ಕಡಿಮೆಯಾದರೆ ವಿಷಯ ಕಡಿಮೆ ಮಾಡಿ, ವೇಗ ಜಾಸ್ತಿ ಮಾಡಬೇಡಿ.

ಒಂದು ತಾಳಮದ್ದಳೆ ನೆನಪಾಗುತ್ತದೆ, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಕೃಷ್ಣಸಂಧಾನ ಪ್ರಸಂಗ. ಊರು ಬೇಡ, ಅವರ ಪೈಕಿಯವರು ಇಲ್ಲೇ ಕೂತಿರಬಹುದು. ಅವತ್ತು ಕೌರವನ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳಿದವರು ಭಾರೀ ಓದಿದವರು. ಪೀಠಿಕೆಗೇ ಮುಕ್ಕಾಲು ಗಂಟೆ. ರಾಜನೀತಿ ಬಂತು, ಆಸ್ತಿ ಪಾಲಿನ ದಾಯಭಾಗ ಬಂತು, ಚಂದ್ರವಂಶದ ಹತ್ತು ತಲೆಮಾರು ಬಂತು. ಜನ ಒಬ್ಬೊಬ್ಬರೇ ಎದ್ದು ಎಲೆಯಡಿಕೆಯ ಕವಳ ಹಾಕಲು ಹೊರಗೆ ಹೋದರು. ಭಾಗವತರು ಎರಡು ಸಲ ತಾಳ ಕುಟ್ಟಿದರು. ಮದ್ದಳೆಯವರು ಸುಮ್ನೆ ಒಂದು ಪೆಟ್ಟು ಹಾಕಿ ನೋಡಿದರು. ಊಹೂಂ, ಕೌರವ ಜಗ್ಗಲಿಲ್ಲ. ಕೃಷ್ಣನ ಪಾತ್ರಕ್ಕೆ ಕೂತವರು ವಯಸ್ಸಾದವರು. ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿದೆ ಅಂತಲೇ ನಾವು ತಿಳಿದೆವು. ಕೊನೆಗೂ ಕೌರವ ನಿಲ್ಲಿಸಿದ. ಇವರು ಕಣ್ಣು ಬಿಟ್ಟು, 'ಕೌರವೇಶ್ವರಾ, ನಾನು ಬಂದಿದ್ದು ಐದು ಗ್ರಾಮ ಕೇಳಲಿಕ್ಕೆ. ಕೊಡ್ತೀಯೋ, ಇಲ್ಲವೋ?' ಅಂದರು. ಅಷ್ಟೇ. ಹೊರಗಿದ್ದವರೆಲ್ಲ ಕವಳ ಉಗಿದು ಒಳಗೆ ಓಡಿ ಬಂದರು.

ಆದರೆ ಉದ್ದ ಮಾತೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ರಾತ್ರಿಯಿಡೀ ಅರ್ಥ ಕೇಳಲಿಕ್ಕೆ ಕಂಬಳಿ ಹೊದ್ದು ಬರುವ ಜನ ನಾವೇ ಅಲ್ವಾ? 1957ರ ಜನವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತದ ಪರವಾಗಿ ವಿ. ಕೆ. ಕೃಷ್ಣ ಮೆನನ್ ಕಾಶ್ಮೀರದ ಬಗ್ಗೆ ಎರಡು ದಿನ ಸೇರಿ ಸುಮಾರು 8 ಗಂಟೆ ಮಾತಾಡಿದರು. ಲಿಂಕನ್ ಕತೆ ನಿಮಗೆ ಗೊತ್ತೇ ಇದೆ. 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನಲ್ಲಿ ಎರಡು ನಿಮಿಷ ಮಾತಾಡಿ ಕೂತರು. ಅವರಿಗಿಂತ ಮೊದಲು ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದ್ದರು. ನಾವು ಎವರೆಟ್‌ರನ್ನು ನೋಡಿ ನಗುತ್ತೇವೆ. ಆದರೆ ಅವತ್ತಿನ ಮುಖ್ಯ ಭಾಷಣಕಾರರು ಅವರೇ. ಆ ಕಾಲದ ಜನ ಅಷ್ಟು ಹೊತ್ತು ಕೇಳುವ ತಯಾರಿಯಲ್ಲೇ ಬರುತ್ತಿದ್ದರು. ಜನ ಏನು ಕೇಳಲು ಬಂದಿದ್ದಾರೆ, ಅದನ್ನು ಮೊದಲು ನೋಡಬೇಕು.

ಸೊಸೈಟಿಯ ವಾರ್ಷಿಕ ಸಭೆಯನ್ನೇ ತೆಗೆದುಕೊಳ್ಳಿ. ಅಚ್ಚು ಹಾಕಿಸಿದ ವರದಿ ಎಲ್ಲರ ಕೈಯಲ್ಲೂ ಇರುತ್ತದೆ. ಆದರೂ ಕಾರ್ಯದರ್ಶಿ ಮೊದಲ ಪುಟದಿಂದ ಓದುತ್ತಾರೆ. ಸದಸ್ಯನಿಗೆ ಬೇಕಾದದ್ದು ಡಿವಿಡೆಂಡ್ ಎಷ್ಟು, ಸಾಲದ ಬಡ್ಡಿ ಏನಾಯಿತು, ಅಡಿಕೆ ಮಾರಾಟ ಹೇಗಿತ್ತು, ಇಷ್ಟೇ. ಅದು ಬರುವುದು ಹನ್ನೊಂದನೇ ಪುಟದಲ್ಲಿ. ಅಷ್ಟು ಹೊತ್ತಿಗೆ ಊಟದ ಪಂಕ್ತಿಯ ಸದ್ದು ಕೇಳುತ್ತದೆ. ಆಗ ನಮ್ಮ ಕಾರ್ಯದರ್ಶಿ ಗೇರ್ ಬದಲಿಸಿ ಓಡಿಸುತ್ತಾರೆ, ಅದೂ ಸದಸ್ಯ ಕಾದು ಕೂತ ಪುಟದಲ್ಲೇ! ನಾನು ಆಗಲೇ ಹೇಳಿದೆ, ವಿಷಯ ಕಡಿಮೆ ಮಾಡಿ. ಆ ಮೂರು ಸಂಗತಿ ಮೊದಲು ಹೇಳಿ. ಉಳಿದದ್ದು ಅಚ್ಚಿನಲ್ಲಿದೆ, ಅವರು ಮನೆಗೆ ಹೋಗಿ ಓದಲಿ, ಓದದೇ ಇರಲಿ.

ಎಷ್ಟು ಬರೆದರೆ ಎಷ್ಟು ನಿಮಿಷ ಅಂತ ಕೆಲವರು ಕೇಳುತ್ತಾರೆ. ಪುಟದ ಲೆಕ್ಕ ನಂಬಬೇಡಿ. ಹಿಂದಿನ ದಿನ ಮನೆಯಲ್ಲಿ ನಿಂತುಕೊಂಡು, ದೊಡ್ಡದಾಗಿ, ಗಡಿಯಾರ ನೋಡಿ ಓದಿ. ಮನಸ್ಸಿನಲ್ಲೇ ಓದಿದರೆ ಹೊತ್ತು ಕಡಿಮೆ ತೋರಿಸುತ್ತದೆ. ಸಭೆಯಲ್ಲಿ ಜನ ನಗುತ್ತಾರೆ, ಮೈಕ್ ಕುಂಯ್ ಅನ್ನುತ್ತದೆ, ನೀರು ಕುಡಿಯಬೇಕಾಗುತ್ತದೆ. ಕೊಟ್ಟ ಹೊತ್ತಿನ ಮುಕ್ಕಾಲಕ್ಕೆ ಮಾತ್ರ ತಯಾರಿ ಮಾಡಿ. ಇಪ್ಪತ್ತು ನಿಮಿಷ ಕೊಟ್ಟರೆ ಹದಿನೈದು. ಟೆಡ್ ಅನ್ನುವ ಹೆಸರಾದ ಭಾಷಣ ವೇದಿಕೆಯಲ್ಲಿ ಎಂಥ ದೊಡ್ಡವರಿಗೂ 18 ನಿಮಿಷದ ಮಿತಿ ಇಟ್ಟಿದ್ದಾರೆ. ನಮಗೇನು ಕಷ್ಟ?

ಚೀಟಿ ಬಂತು. 'ಐದು ನಿಮಿಷ' ಅಂತ ಬರೆದಿದ್ದಾರೆ. ಬರೆದವರು ಐದರ ಮುಂದೆ ಒಂದು ಸೊನ್ನೆ ಹಾಕಲು ಮರೆತಿರಬಹುದು. ಇರಲಿ, ನಾನು ಹೇಳಿದ್ದನ್ನು ನಾನೇ ಮಾಡಬೇಕಲ್ಲ. ಸ್ಲೈಡ್ ಬಗ್ಗೆ ಹೇಳುವುದಿತ್ತು, ಅದನ್ನು ಬಿಡುತ್ತೇನೆ. ಇಷ್ಟು ಮಾತ್ರ ನೆನಪಿಡಿ: ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ನೆಚ್ಚಿಕೊಳ್ಳಬೇಡಿ. ನಿರೂಪಣೆ ಮಾಡುವವರ ಬಗ್ಗೆಯೂ ಇತ್ತು. ಅವರು ಇಲ್ಲೇ ಇದ್ದಾರೆ, ಅದೂ ಬೇಡ.

ಪ್ರಶ್ನೆಗೆ ಮಾತ್ರ ಹೊತ್ತು ಮೊದಲೇ ತೆಗೆದಿಡಿ. ನಮ್ಮಲ್ಲಿ ಪ್ರಶ್ನೆ ಕೇಳುವವರೂ ಒಂದು ಭಾಷಣ ತಂದಿರುತ್ತಾರೆ. ಅದಕ್ಕೆ ಮದ್ದು ಅಧ್ಯಕ್ಷರ ಹತ್ತಿರ ಇರಬೇಕು. ಅಗೋ, ಮೂರನೇ ಸಾಲಿನಲ್ಲಿ ಒಬ್ಬರು ಆಗಲೇ ಕೈ ಎತ್ತಿದ್ದಾರೆ. ತಮ್ಮಾ, ಆ ಮೈಕ್ ಅವರಿಗೆ ಕೊಡು. ಕೇಳಿ ಸ್ವಾಮಿ.