ತಲೆಗೆ ಎಣ್ಣೆ ಹಚ್ಚದೆ ಬನ್ನಿ

ಕೇಳುಗರೇ, ನಮಸ್ಕಾರ.

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇ.ಇ.ಜಿ. ತೆಗೆಯುವುದು ನನ್ನ ಕೆಲಸ. ಮಿದುಳಿನ ಅಲೆಗಳ ಪರೀಕ್ಷೆ ಅಂತಾರಲ್ಲ, ಅದು. ಒಮ್ಮೆ ಕಾರ್ಕಳ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ತಲೆತುಂಬ ತೆಂಗಿನೆಣ್ಣೆ, ಮುಡಿಯಲ್ಲಿ ಒಂದು ಚೆಂಡು ಮಲ್ಲಿಗೆ. ವಯರುಗಳನ್ನು ನೋಡಿದ್ದೇ ತಡ, "ಕರೆಂಟು ಕೊಡ್ತೀರಾ ಮಗಾ?" ಅಂತ ಕೇಳಿದರು.

"ಇಲ್ಲಜ್ಜಿ, ಕರೆಂಟು ನಿಮ್ಮದೇ. ನಾವು ಸುಮ್ನೆ ಬರೆದುಕೊಳ್ಳುವವರು" ಅಂದೆ.

ನಿಜವೂ ಅಷ್ಟೇ. ಮಿದುಳಿನಲ್ಲಿ ಸದಾ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ಜರ್ಮನಿಯ ಹಾನ್ಸ್ ಬರ್ಗರ್ ಎಂಬ ವೈದ್ಯರು 1924ರಲ್ಲೇ ಮನುಷ್ಯರಲ್ಲಿ ಅದನ್ನು ದಾಖಲಿಸಿದ್ದರು. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ, ನೆತ್ತಿಯ ಮೇಲೆ ನಮಗೆ ಸಿಗುವುದು ಅಂಥ ಕೆಲವು ಹತ್ತು ಪಾಲು ಮಾತ್ರ. ನಡುವೆ ಎಣ್ಣೆ ಬಂದರೆ ಕೆಟ್ಟಿತು. ಅದಕ್ಕೇ ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೆಯಿರಿ. ಎಣ್ಣೆ, ಜೆಲ್, ಹೂವು ಬೇಡ.

ಅಜ್ಜಿಯ ತಲೆ ಒರೆಸಿ, ಪೇಸ್ಟ್ ಹಚ್ಚಿ, ವಯರಿನ ತುದಿಯ ಇಪ್ಪತ್ತೊಂದು ಬಿಲ್ಲೆ ಅಂಟಿಸಿದೆ. ಶುರು ಮಾಡಿದರೆ ಪರದೆಯೆಲ್ಲ ಗೀಚಿದ ಹಾಗೆ ಕಪ್ಪು! ನೋಡಿದರೆ, ಬಾಯಲ್ಲಿ ಎಲೆಅಡಿಕೆ. ಅಗಿಯುವ ದವಡೆಯ ಸ್ನಾಯು ಮಿದುಳಿಗಿಂತ ಜೋರಾಗಿ ಮಾತಾಡುತ್ತದೆ. ಉಗುಳಿ ಬಂದ ಮೇಲೆ ಗೆರೆಗಳು ತಣ್ಣಗಾದವು.

ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಿದರೆ ಆಯಿತು. ನಡುನಡುವೆ ಕಣ್ಣು ತೆರೆಯಲು ಹೇಳುತ್ತೇವೆ, ಲೈಟು ಮಿನುಗಿಸುತ್ತೇವೆ. ಮೂರು ನಿಮಿಷ ಜೋರಾಗಿ ಉಸಿರಾಡಿಸುವುದೂ ಉಂಟು. ಬೆರಳು ಜುಮ್ ಅಂದರೆ ಹೆದರಬೇಡಿ. ಹೃದ್ರೋಗಿಗಳು, ಗರ್ಭಿಣಿಯರು, ಸ್ಟ್ರೋಕ್ ಆದವರು ಮೊದಲೇ ಹೇಳಿಬಿಡಿ.

ಕೆಲವರಿಗೆ ರಾತ್ರಿ ನಿದ್ದೆಗೆಟ್ಟು ಬರಲು ಡಾಕ್ಟರು ಹೇಳುತ್ತಾರೆ. ಫಿಟ್ಸಿನ ಗುರುತು ನಿದ್ದೆಯಲ್ಲಿ ಸುಲಭವಾಗಿ ಸಿಗುತ್ತದೆ, ಅದಕ್ಕೆ. ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿ ರೂಢಿಯಿರುವ ನಮ್ಮವರಿಗೆ ಇದೇನು ಕಷ್ಟ, ಅಲ್ವಾ? ಆದರೆ ಸ್ಕೂಟರ್ ಬಿಟ್ಟುಕೊಂಡು ಬರಬೇಡಿ, ಜೊತೆಗೆ ಒಬ್ಬರು ಇರಲಿ. ಕಾಫಿ ಬೇಡ. ತಿಂಡಿ ಮಾತ್ರ ತಿಂದೇ ಬನ್ನಿ, ಹಸಿದರೂ ಅಲೆ ಬದಲಾಗಬಹುದು.

ಇನ್ನು ಮಾತ್ರೆ. "ಟೆಸ್ಟ್ ಅಂತ ಎರಡು ದಿನ ಬಿಟ್ಟೆ" ಅನ್ನುವವರನ್ನು ಕಂಡರೆ ನನಗೆ ಎದೆ ಧಸಕ್ ಅನ್ನುತ್ತದೆ. ಡಾಕ್ಟರು ಹೇಳದೆ ಫಿಟ್ಸಿನ ಮಾತ್ರೆ ಒಂದು ಹೊತ್ತೂ ತಪ್ಪಿಸಬಾರದು. ರಿಪೋರ್ಟ್ ನಾರ್ಮಲ್ ಬಂತು ಅಂತಲೂ ಬಿಡಬಾರದು. ಆ ಅರ್ಧ ಗಂಟೆ ಮಿದುಳು ಸುಮ್ಮನಿತ್ತು ಅಂತ ಮಾತ್ರ ಅದರ ಅರ್ಥ. ಕಾಯಿಲೆ ಇದ್ದವರಲ್ಲೂ ಒಮ್ಮೊಮ್ಮೆ ಏನೂ ಕಾಣುವುದಿಲ್ಲ.

ಕೂದಲಿಗೆ ಅಂಟಿದ ಪೇಸ್ಟ್ ಬಿಸಿನೀರಿಗೆ ಹೋಗುತ್ತದೆ. ಅಜ್ಜಿ ಹೊರಡುವಾಗ ಕೇಳಿದ್ದೂ ಅದನ್ನೇ: "ಇನ್ನು ಎಣ್ಣೆ ಹಚ್ಚಬಹುದಲ್ಲ?"